ಹದಿಹರೆಯದವರನ್ನು ಹಿಂಸೆಯ ಬಗ್ಗೆ ಕೇಳಲು ಹೆತ್ತವರ ಸಹಿ ಕಡ್ಡಾಯವಾಗಬೇಕೇ?

ಪರ

ಹದಿಮೂರರ ಹುಡುಗಿಯ ಕೈಗೆ ಸಂಶೋಧಕರ ಒಂದು ಪ್ರಶ್ನಾವಳಿ ಬರುತ್ತದೆ. ಯಾರಾದರೂ ನಿನಗೆ ಹೊಡೆದಿದ್ದಾರಾ? ಬೇಡ ಎಂದರೂ ಮುಟ್ಟಿದ್ದಾರಾ? ಸಾಯಬೇಕು ಅನ್ನಿಸಿದ್ದುಂಟಾ? ಕೇಳಿದವರು ಹಾಳೆ ತೆಗೆದುಕೊಂಡು ಹೋಗಿಬಿಡುತ್ತಾರೆ. ರಾತ್ರಿ ಅವಳು ಊಟ ಬಿಟ್ಟು ಮಲಗಿದರೆ ಪಕ್ಕದಲ್ಲಿರುವುದು ಮನೆಯವರು. ಹಗಲು ಏನು ನಡೆಯಿತು ಎಂದೇ ಅವರಿಗೆ ಗೊತ್ತಿಲ್ಲದಿದ್ದರೆ ಸಮಾಧಾನ ಮಾಡುವುದು ಹೇಗೆ?

ತರಗತಿಯಲ್ಲಿ ಕೂತು ‘ನಾನು ಬರೆಯಲ್ಲ’ ಅನ್ನುವುದು ಮಕ್ಕಳಿಗೆ ಸುಲಭವಲ್ಲ. ಪಕ್ಕದವರೆಲ್ಲ ಬರೆಯುತ್ತಿರುತ್ತಾರೆ, ಎದುರಿಗೆ ದೊಡ್ಡವರು ನಿಂತಿರುತ್ತಾರೆ. ತಮ್ಮ ನಿರ್ಧಾರ ತಾವೇ ಪೂರ್ತಿ ತೆಗೆದುಕೊಳ್ಳಲಾಗದವರಿಗೆ ಜಾಸ್ತಿ ರಕ್ಷಣೆ ಬೇಕು ಎಂದು, ಮನುಷ್ಯರ ಮೇಲಿನ ಸಂಶೋಧನೆ ಹೇಗಿರಬೇಕು ಎಂದು ವಿವರಿಸಿದ ಅಮೆರಿಕದ 1979ರ ಬೆಲ್ಮಾಂಟ್ ವರದಿ ಹೇಳಿತ್ತು. ಸಹಿ ಎಂದರೆ ಆ ರಕ್ಷಣೆಯೇ ಅಲ್ವಾ?

ವಿರೋಧ

ಆ ಸಹಿ ಹಾಕಬೇಕಾದ ಕೈಯೇ ಹೊಡೆಯುವ ಕೈಯಾಗಿದ್ದರೆ?

ನನ್ನನ್ನು ಕಾಡುವುದು ಇದೇ. ಮನೆಯಲ್ಲಿ ಪೆಟ್ಟು ತಿನ್ನುವ ಮಗು ಒಪ್ಪಿಗೆ ಪತ್ರವನ್ನು ಅದೇ ಮನೆಗೆ ಒಯ್ಯಬೇಕು. ಎಷ್ಟೋ ಪತ್ರಗಳು ವಾಪಸ್ ಬರುವುದೇ ಇಲ್ಲ. ಎಲ್ಲರೂ ಬೇಡ ಎಂದರು ಅಂತಲ್ಲ. ಕೆಲವು ಸುಮ್ನೆ ಚೀಲದಲ್ಲೇ ಉಳಿದುಬಿಡುತ್ತವೆ. ಹೀಗೆ ಹೊರಗುಳಿಯುವವರಲ್ಲಿ ಕಷ್ಟದಲ್ಲಿರುವ ಮಕ್ಕಳೇ ಜಾಸ್ತಿ. ಆಮೇಲೆ ಅಂಕಿ-ಅಂಶದಲ್ಲಿ ಹಿಂಸೆ ಕಡಿಮೆ ಕಾಣುತ್ತದೆ. ನೆರವು ಬೇರೆ ಕಡೆ ಹೋಗುತ್ತದೆ.

ದೊಡ್ಡವರಾದ ಮೇಲೆ ಕೇಳಬಹುದು, ನಿಜ. ಅಮೆರಿಕದ ವೈದ್ಯರಾದ ಫೆಲಿಟಿ ಮತ್ತು ಆಂಡಾ ಅವರ ತಂಡ ಹಾಗೇ ಮಾಡಿತು. 1998ರಲ್ಲಿ ಪ್ರಕಟವಾದ ಅವರ ಅಧ್ಯಯನ, ಬಾಲ್ಯದ ಹಿಂಸೆಗೂ ಮುಂದೆ ಬರುವ ಹೃದ್ರೋಗ, ಖಿನ್ನತೆಗಳಿಗೂ ನಂಟಿದೆ ಎಂದು ತೋರಿಸಿತು. ತುಂಬಾ ದೊಡ್ಡ ಕೆಲಸ ಅದು. ಆದರೆ ಉತ್ತರ ಕೊಟ್ಟವರ ಬಾಲ್ಯ ಅಷ್ಟೊತ್ತಿಗೆ ಮುಗಿದುಹೋಗಿತ್ತು.

ಗುಟ್ಟು ಉಳಿಯುತ್ತದೆ ಎಂಬ ನಂಬಿಕೆ ಬಂದರೆ ಹದಿಹರೆಯದವರು ಬಾಯಿ ಬಿಡುತ್ತಾರೆ. ಅದೇ 1998ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ 15ರಿಂದ 19 ವರ್ಷದ ಹುಡುಗರು ಹೆಡ್‌ಫೋನಿನಲ್ಲಿ ಪ್ರಶ್ನೆ ಕೇಳಿಸಿಕೊಂಡು, ಕಂಪ್ಯೂಟರಿನಲ್ಲಿ ಉತ್ತರ ಒತ್ತಿದ್ದರು. ಕಾಗದದಲ್ಲಿ ಬರೆದವರಿಗಿಂತ ಅವರು ಹೊಡೆದಾಟದ ವಿಷಯ ಜಾಸ್ತಿ ಒಪ್ಪಿಕೊಂಡರು. ಏನೇನು ಕೇಳುತ್ತಾರೆ ಎಂದು ಮನೆಯವರಿಗೆಲ್ಲ ಗೊತ್ತಿದ್ದರೆ, ಆ ನಂಬಿಕೆ ಎಲ್ಲಿಂದ ಬರಬೇಕು?

ಉಗಾಂಡದ ಲುವೇರೊ ಜಿಲ್ಲೆಯ 42 ಶಾಲೆಗಳಲ್ಲಿ ನಡೆದ ಪ್ರಯೋಗ ನನಗೆ ಹೆಚ್ಚು ಸರಿ ಅನ್ನಿಸುತ್ತದೆ. ಶಿಕ್ಷಕರು ಮಕ್ಕಳನ್ನು ಹೊಡೆಯುವುದನ್ನು ತಗ್ಗಿಸುವುದು ಅದರ ಉದ್ದೇಶ. ಹೆತ್ತವರಿಗೆ ಮೊದಲೇ ತಿಳಿಸಿದ್ದರು. ಬೇಡ ಎಂದವರ ಮಕ್ಕಳನ್ನು ಬಿಟ್ಟರು. ಉಳಿದಂತೆ ಒಪ್ಪಿಗೆ ಕೊಟ್ಟವರು ಮಕ್ಕಳೇ. ಸಮೀಕ್ಷೆಯ ಕೊನೆಯ ಸುತ್ತಿನಲ್ಲಿ ಮಕ್ಕಳು ಹೇಳಿಕೊಂಡದ್ದನ್ನು ಕೇಳಿ, ಅವರಲ್ಲಿ 434 ಮಂದಿಯನ್ನು ಮಕ್ಕಳ ರಕ್ಷಣಾ ಸೇವೆಯವರ ಬಳಿಗೆ ಕಳಿಸಬೇಕಾಯಿತು. ಸಹಿಗಾಗಿ ಕಾದಿದ್ದರೆ ಇವರಲ್ಲಿ ಎಷ್ಟು ಮಂದಿ ಉತ್ತರ ಹೇಳಲು ಬರುತ್ತಿದ್ದರು?

ಪರ ಇರುವವರ ಒಂದು ಭಯ ಮಾತ್ರ ನನ್ನದೂ ಹೌದು. ಕೇಳಿ ಎದ್ದುಹೋಗುವವರ ಭಯ ಅದು. ಕಣ್ಣೀರು ಹಾಕಿದ ಮಗುವನ್ನು ಅವತ್ತೇ ಕೂರಿಸಿಕೊಂಡು ಮಾತಾಡಿಸುವವರು, ಅಪಾಯವಿದ್ದರೆ ಮುಂದಿನ ದಾರಿ ನೋಡುವವರು ಹತ್ತಿರದಲ್ಲೇ ಇರಬೇಕು. ಅಂಥವರು ಯಾರೂ ಇಲ್ಲದ ಕಡೆ, ಅಪ್ಪ ಅಮ್ಮ ಇಬ್ಬರೂ ಸಹಿ ಹಾಕಿದ್ದರೂ, ಆ ಪ್ರಶ್ನೆಗಳನ್ನು ಕೇಳಲೇಬಾರದು.