ಅಲ್ಲಿ, ಇಲ್ಲಿ, ಹಾರ್ಡ್ಲಿ

ವ್ಯಾಕರಣ ಗೊತ್ತಿಲ್ಲದವರಿಗೆ ಇಂಗ್ಲಿಷ್ ಹೇಗೋ ಕಲಿಸಬಹುದು. ವ್ಯಾಕರಣ ಅರೆದು ಕುಡಿದವರಿಗೆ ಕಲಿಸುವುದಿದೆಯಲ್ಲ, ಅದು ಬೇಡ. ನಮ್ಮತ್ತೆ ತಿಪಟೂರಿನ ಕಡೆ ಕನ್ನಡ ಟೀಚರಾಗಿದ್ದು ರಿಟೈರ್ ಆದವರು. ಸಂಧಿ, ಸಮಾಸ ಅಂದರೆ ನಿದ್ದೆಯಲ್ಲೂ ಉದಾಹರಣೆ ಕೊಡುತ್ತಾರೆ. ಇಂಗ್ಲಿಷ್ ಅವರಿಗೆ ಬಂದದ್ದು ಐದನೇ ಕ್ಲಾಸಿನಲ್ಲಿ. ಆಗ ಕನ್ನಡ ಮೀಡಿಯಂ ಮಕ್ಕಳಿಗೆಲ್ಲ ಹಾಗೇ. ಓದಿದರೆ ಅರ್ಥವಾಗುತ್ತದೆ, ಮಾತಾಡಲು ಸಂಕೋಚ.

ಟೆಕ್ಸಾಸಿನ ನಮ್ಮ ಮನೆಗೆ ಬರುವುದು ಗಟ್ಟಿಯಾದ ಮೇಲೆ ಫೋನಿನಲ್ಲಿ ಪಾಠ ಶುರುವಾಯಿತು. "ನಾಲ್ಕು ವಾಕ್ಯ ಬಾಯಿಪಾಠ ಮಾಡಿಸಬೇಡ ಕಣಮ್ಮ. ನಿಯಮ ಹೇಳು, ವಾಕ್ಯ ನಾನೇ ಮಾಡ್ಕೋತೀನಿ" ಅಂದರು. ಎಷ್ಟು ಸಲೀಸು ಅಂದುಕೊಂಡೆ.

ಅಡ್ಜೆಕ್ಟಿವ್ ಅಂದರೆ ಗುಣವಾಚಕ. ಮುಗಿಯಿತು. ಆಡ್ವರ್ಬ್ ಅಂದರೆ ಕ್ರಿಯಾವಿಶೇಷಣ. ಗುಣವಾಚಕಕ್ಕೆ ಕೊನೆಯಲ್ಲಿ 'ಲಿ' ಹಚ್ಚಿದರೆ ಆಯಿತು ಅಂದೆ. ಸ್ಲೋ, ಸ್ಲೋಲಿ. ಕ್ವಿಕ್, ಕ್ವಿಕ್ಲಿ. ಅತ್ತೆಗೆ ಖುಷಿಯೋ ಖುಷಿ.

"ಅಲ್ಲಿ, ಇಲ್ಲಿ, ಎಲ್ಲಿ! ನಮ್ಮಲ್ಲೂ ಲಿ ಬರುತ್ತಲ್ಲೇ!"

ಅದಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಆದರೆ ರಿಟೈರಾದ ಟೀಚರ್ ಒಬ್ಬರು ಹಾಗೆ ಸಂತೋಷಪಡುವಾಗ ಅಡ್ಡ ಬಾಯಿ ಹಾಕುವ ಧೈರ್ಯ ಯಾವ ಸೊಸೆಗಿದೆ? ಸುಮ್ಮನಿದ್ದೆ. ಮರುದಿನವೇ 'ಫಾಸ್ಟ್‌ಲಿ' ಬಂತು.

"ಅತ್ತೆ, ಅದು ಫಾಸ್ಟ್‌ಲಿ ಅಲ್ಲ. ರನ್ ಫಾಸ್ಟ್ ಅಂತಲೇ ಅನ್ನಬೇಕು."

"ಯಾಕೆ?"

"ಅದಕ್ಕೆ ಲಿ ಬರಲ್ಲ."

"ಅದೇ, ಯಾಕೆ ಬರಲ್ಲ?"

ಆಮೇಲೆ ಫ್ರೆಂಡ್ಲಿ, ಲವ್ಲಿ, ಅಗ್ಲಿ ಬಂದವು. ಎಲ್ಲಕ್ಕೂ ಲಿ ಇದೆ, ಆದರೆ ಮೂರೂ ಗುಣವಾಚಕ. ಹಾಗಾದರೆ ಸ್ನೇಹದಿಂದ ಮಾತಾಡಿದ ಅನ್ನೋಕೆ ಫ್ರೆಂಡ್ಲಿಲಿ ಅನ್ನಬೇಕಾ ಅಂತ ಅತ್ತೆ ಕೇಳಿದರು. ಇಲ್ಲ, 'ಇನ್ ಎ ಫ್ರೆಂಡ್ಲಿ ವೇ' ಅಂತ ಸುತ್ತಿ ಬಳಸಿ ಹೇಳಬೇಕು ಅಂದೆ. "ಅಷ್ಟು ಹೊತ್ತಿಗೆ ಸ್ನೇಹಾನೇ ಮುಗಿದಿರುತ್ತೆ ಬಿಡು" ಅಂದು ಫೋನ್ ಇಟ್ಟರು.

ಮಾನ ಉಳಿಸಿಕೊಳ್ಳಲು ನಾನೂ ಸ್ವಲ್ಪ ಓದಿಕೊಂಡೆ. ಈ ಲಿ ಹುಟ್ಟಿದ್ದು ಹಳೇ ಇಂಗ್ಲಿಷಿನ 'ಲೀಚ್' ಅನ್ನುವ ಪದದಿಂದ. ಅದಕ್ಕೆ ಮೈ ಅಂತ ಅರ್ಥ, ಹೆಣ ಅಂತಲೂ ಅರ್ಥ. ಇಂಗ್ಲೆಂಡಿನ ಹಳೇ ಚರ್ಚುಗಳ ಅಂಗಳದಲ್ಲಿ ಶವಪೆಟ್ಟಿಗೆ ಇಳಿಸಿಕೊಳ್ಳುವ ಸೂರಿನ ಬಾಗಿಲಿಗೆ ಈಗಲೂ ಲಿಚ್ ಗೇಟ್ ಅನ್ನುತ್ತಾರೆ. ನಾವು 'ನಿಧಾನವಾಗಿ' ಅನ್ನುವಾಗ ಬರುವ 'ಆಗಿ' ಜೀವವಿರುವ ಕ್ರಿಯಾಪದ. ಅವರು ಸ್ಲೋಲಿ ಅನ್ನುವಾಗ ಹಿಂದೆ ಒಂದು ಹೆಣ ಎಳೆದುಕೊಂಡು ಹೋಗುತ್ತಾರೆ. ನಿಧಾನ ಆಗದೆ ಇನ್ನೇನು? ಅತ್ತೆಗೆ ಇದು ಬಹಳ ಹಿಡಿಸಿತು. ಪಾಠದಲ್ಲಿ ಅವರು ಪೂರ್ತಿ ಒಪ್ಪಿದ್ದು ಇದೊಂದನ್ನೇ.

ಒಂದು ಕಾಲದಲ್ಲಿ ಇಂಗ್ಲಿಷಿನವರೂ ಲಿ ಇಲ್ಲದೆ 'ಎಕ್ಸ್‌ಟ್ರೀಮ್ ಕೋಲ್ಡ್' ಅಂತ ಆರಾಮಾಗಿ ಬರೆಯುತ್ತಿದ್ದರು. 1762ರಲ್ಲಿ ರಾಬರ್ಟ್ ಲೌತ್ ಅನ್ನುವ ಪಾದ್ರಿ ಒಂದು ವ್ಯಾಕರಣ ಬರೆದು, ಗುಣವಾಚಕವನ್ನು ಕ್ರಿಯಾವಿಶೇಷಣದ ಜಾಗದಲ್ಲಿ ಕೂರಿಸುವುದು ತಪ್ಪು ಅಂದರು. ಮುಂದೆ ಬಿಷಪ್ಪೂ ಆದರು. ಅಂಥವರ ಮಾತು ಮೇಷ್ಟ್ರುಗಳ ಬೆತ್ತಕ್ಕೆ ಬಲ ಕೊಟ್ಟಿತು. 1997ರಲ್ಲಿ ಆಪಲ್ ಕಂಪನಿ 'ಥಿಂಕ್ ಡಿಫರೆಂಟ್' ಅಂತ ಜಾಹೀರಾತು ಹಾಕಿದಾಗ ಲಿ ಎಲ್ಲಿ ಅಂತ ಜಗಳ ತೆಗೆದವರು ಆ ಬೆತ್ತದ ವಂಶದವರೇ. ಅತ್ತೆಗೆ ಈ ವಿಷಯ ಹೇಳಿದೆ. "ಅರ್ಧ ಮಾರ್ಕ್ಸ್ ಕಳೀತಿದ್ದೆ" ಅಂದರು.

ನಿಜವಾದ ಎಡವಟ್ಟು ಆದದ್ದು 'ಹಾರ್ಡ್' ವಿಷಯದಲ್ಲಿ. ಆ ಪಾಠಕ್ಕೆ ನಾವಿನ್ನೂ ಬಂದೇ ಇರಲಿಲ್ಲ. ಪ್ರಯಾಣಕ್ಕೆ ಮುಂಚೆ ವಿಮಾನದ ಕಂಪನಿಯವರು ಫೋನ್ ಮಾಡಿ, ವಯಸ್ಸು ನೋಡಿ, ನಡೆಯಲು ತೊಂದರೆ ಇದೆಯಾ ಅಂತ ಇಂಗ್ಲಿಷಿನಲ್ಲಿ ವಿಚಾರಿಸಿದ್ದಾರೆ. ಅತ್ತೆ ದಿನಾ ಬೆಳಗ್ಗೆ ಕಾಲೇಜು ಮೈದಾನ ಸುತ್ತುವವರು. ಜೊತೆಗೆ ಹೊರಟವರು ಹಿಂದೆ ಬೀಳುತ್ತಾರೆ, ಹಾಗೆ ನಡೆಯುತ್ತಾರೆ. ಅದನ್ನೇ ಹೆಮ್ಮೆಯಿಂದ ಹೇಳಿದ್ದಾರೆ, ನಿಯಮದ ಪ್ರಕಾರ ಲಿ ಹಚ್ಚಿ:

"ಐ ವಾಕ್ ಹಾರ್ಡ್ಲಿ. ಎವೆರಿ ಡೇ!"

ನಾನು ನಡೆಯುವುದೇ ಅಪರೂಪ, ದಿನಾಲೂ ಅಷ್ಟೇ ಅಂತಾಯಿತು. ಆ ಕಡೆಯವರು ಅಯ್ಯೋ ಪಾಪ ಅಂದುಕೊಂಡಿರಬೇಕು. ಬೆಂಗಳೂರಿನಲ್ಲಿ ವೀಲ್‌ಚೇರ್ ಕಾದಿತ್ತು. ನಡುವೆ ವಿಮಾನ ಬದಲಿಸುವಲ್ಲಿ ಇನ್ನೊಂದು. ಡಲ್ಲಾಸಿನಲ್ಲಿ ಮತ್ತೊಂದು. "ಬೇಡ ಅಂದೆ ಕಣಮ್ಮ, ಕೇಳಲೇ ಇಲ್ಲ. ಟೀಚರು ಅಂತ ಹೇಗೋ ಗೊತ್ತಾಗಿರಬೇಕು" ಅಂತ ಅತ್ತೆ ಇವತ್ತಿಗೂ ನಂಬಿದ್ದಾರೆ. ಇಮಿಗ್ರೇಶನ್ನಿನ ಉದ್ದನೆ ಸಾಲು ಅಲ್ಲೇ ನಿಂತಿತ್ತು, ಇವರು ಪಕ್ಕದ ದಾರಿಯಲ್ಲಿ ಹೊರಗೆ ಬಂದುಬಿಟ್ಟರು. ನನ್ನ ಗಂಡ ವೀಲ್‌ಚೇರಿನಲ್ಲಿ ಅಮ್ಮನನ್ನು ನೋಡಿ ಬಿಳಿಚಿಕೊಂಡು ಓಡಿದ. "ಏನಾಯ್ತಮ್ಮಾ?" ಅತ್ತೆ ಎದ್ದು ನಿಂತು, ಸೀರೆ ಕೊಡವಿಕೊಂಡು, ಅವನಿಗಿಂತ ಮುಂದೆ ಕಾರಿನ ಕಡೆ ನಡೆದರು. ವೀಲ್‌ಚೇರ್ ತಳ್ಳಿಕೊಂಡು ಬಂದ ಹುಡುಗ ಪವಾಡ ಕಂಡವನ ಹಾಗೆ ನಿಂತಿದ್ದ.

ಹಾರ್ಡ್ಲಿಯ ಅರ್ಥ ಕಾರಿನಲ್ಲಿ ವಿವರಿಸಿದೆ. "ವಾಪಸ್ ಹೋಗುವಾಗಲೂ ಹಾಗೇ ಹೇಳ್ತೀನಿ" ಅಂದರು.

ಇಷ್ಟು ಮರ್ಯಾದೆ ಅತ್ತೆಗೆ ಸಿಕ್ಕಿತು, ಅವರ ಒಂದು ಬ್ಯಾಗಿಗೆ ಸಿಗಲಿಲ್ಲ. ಚಟ್ನಿಪುಡಿ, ಹಪ್ಪಳ ಎಲ್ಲ ಇದ್ದ ಬ್ಯಾಗೇ ಬರಲಿಲ್ಲ. ಮಾರನೇ ದಿನ ಹುಡುಕುವವರು ಫೋನ್ ಮಾಡಿ ಬ್ಯಾಗಿನ ವರ್ಣನೆ ಕೇಳಿದರು. ವರ್ಣನೆ ಅಂದ ತಕ್ಷಣ ಅತ್ತೆ ಫೋನ್ ಕಸಿದುಕೊಂಡರು.

"ಬ್ರೌನ್ ಓಲ್ಡ್ ಬಿಗ್ ಬ್ಯಾಗ್!"

ಪಕ್ಕದಲ್ಲಿ ಆಡುತ್ತಿದ್ದ ನನ್ನ ಮಗ ಕಿಸಕ್ಕನೆ ನಕ್ಕ. "ಬಿಗ್ ಓಲ್ಡ್ ಬ್ರೌನ್ ಬ್ಯಾಗ್, ಅಜ್ಜಿ."

"ಎರಡೂ ಒಂದೇ ಅಲ್ವೇನೋ ಪುಟ್ಟ?"

"ಅಲ್ಲ."

"ಯಾಕಲ್ಲ?"

"ನೀನು ಹೇಳೋದು ಫನ್ನಿ ಅನ್ಸುತ್ತೆ."

ಇದಕ್ಕೂ ನಿಯಮ ಇದೆ. ಮೊದಲು ಅಭಿಪ್ರಾಯ, ಆಮೇಲೆ ಗಾತ್ರ, ವಯಸ್ಸು, ಆಕಾರ, ಬಣ್ಣ, ಊರು, ಯಾತರಿಂದ ಮಾಡಿದ್ದು, ಯಾತಕ್ಕೆ ಬಳಸುವುದು. ಗುಣವಾಚಕಗಳು ಈ ಸಾಲಿನಲ್ಲೇ ನಿಲ್ಲಬೇಕು. ಇಂಗ್ಲಿಷ್ ಮನೆಮಾತಿನವರು ಒಬ್ಬರೂ ಇದನ್ನು ಕಲಿತಿರುವುದಿಲ್ಲ, ದೊಡ್ಡವರಾದ ಮೇಲೆ ತಪ್ಪುವುದೂ ಅಪರೂಪ. 'ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ ಅವರಿಗೇ ಈ ಪೆಟ್ಟು ಬಿದ್ದಿತ್ತು. ಏಳು ವರ್ಷದ ಸುಮಾರಿಗೆ ಒಂದು ಡ್ರ್ಯಾಗನ್ ಕಥೆ ಬರೆದು 'ಗ್ರೀನ್ ಗ್ರೇಟ್ ಡ್ರ್ಯಾಗನ್' ಅಂದಿದ್ದರಂತೆ. ಹಾಗನ್ನಬಾರದು, 'ಗ್ರೇಟ್ ಗ್ರೀನ್ ಡ್ರ್ಯಾಗನ್' ಅನ್ನಬೇಕು ಅಂತ ಅಮ್ಮ ತಿದ್ದಿದರು. ಯಾಕೆ ಅಂತ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ ಅಂತ 1955ರ ಒಂದು ಪತ್ರದಲ್ಲಿ ಬರೆದಿದ್ದಾರೆ. ಆಗ ಅವರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಪ್ರೊಫೆಸರು!

ಅತ್ತೆಗೆ ಮಾತ್ರ ಈ ಪಟ್ಟಿಯಲ್ಲಿ ಯಾವ ಕಷ್ಟವೂ ಕಾಣಲಿಲ್ಲ. ಅಭಿಪ್ರಾಯ ಮೊದಲು, ಉಳಿದದ್ದೆಲ್ಲ ಆಮೇಲೆ ಅನ್ನುವುದು ನಮ್ಮ ಮನೆಯಲ್ಲಿ ಮೊದಲಿಂದ ನಡೆದು ಬಂದದ್ದೇ. ಫೋನ್ ಮತ್ತೆ ತೆಗೆದುಕೊಂಡು, "ಯೂಸ್‌ಲೆಸ್ ಬಿಗ್ ಓಲ್ಡ್ ಬ್ರೌನ್ ಬ್ಯಾಗ್" ಅಂತ ಒಂದೂ ತಪ್ಪಿಲ್ಲದೆ ಹೇಳಿದರು. ಬ್ಯಾಗು ಸಿಕ್ಕಿತು. ಹಪ್ಪಳ ಪುಡಿಯಾಗಿತ್ತು.

ಇಷ್ಟೆಲ್ಲ ಲಿ ಹಚ್ಚಿ, ಸಾಲು ಸರಿ ಮಾಡಿ ಕಲಿಸಿದ್ದು ಮನೆಯ ವಾಷಿಂಗ್ ಮಷೀನ್ ಕೆಟ್ಟ ದಿನ ಯಾವ ಉಪಯೋಗಕ್ಕೂ ಬರಲಿಲ್ಲ. ಅತ್ತೆ ಊರಿಂದ ತಂದ ಜಮಖಾನವನ್ನು ಅದರೊಳಗೆ ತುರುಕಿದ್ದರು. ನಾನು ಪಕ್ಕದ ಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದೆ. ರಿಪೇರಿಯವನು ಬಂದ. ಮೆಕ್ಸಿಕೋ ಮೂಲದವನು, ಅವನಿಗೂ ಇಂಗ್ಲಿಷ್ ಎರಡನೇ ಭಾಷೆ. ಏನಾಯಿತು ಅಂತ ಕೇಳಿದ. ಬಾಗಿಲ ಸಂದಿಯಿಂದ ಅತ್ತೆಯ ದನಿ ಕೇಳಿತು.

"ಫಸ್ಟ್ ಗಡಗಡಗಡ. ದೆನ್ ದಡಾರ್. ದೆನ್ ಟಕ್. ಸ್ಟಾಪ್."

"ಗಡಗಡ?" ಅಂದ ಅವನು, ಕೈ ಅಲ್ಲಾಡಿಸುತ್ತ.

"ಗಡಗಡ. ನಾಟ್ ಕಟಕಟ."

ಅವನು ತಲೆಯಾಡಿಸಿ, ಮುಚ್ಚಳ ಬಿಚ್ಚಿ, ಡ್ರಮ್ಮಿನ ಕೆಳಗೆ ಕಳಚಿಕೊಂಡಿದ್ದ ಸ್ಪ್ರಿಂಗ್ ಕಂಬಿಗೆ ನೇರವಾಗಿ ಕೈ ಹಾಕಿದ. ಕೆಲಸ ಮುಗಿದ ಮೇಲೆ ಮಷೀನ್ ಓಡಿಸಿ ತೋರಿಸಿ, "ನೋ ಗಡಗಡ" ಅಂದ. ಅತ್ತೆಯ ಮುಖ ನೋಡಬೇಕಿತ್ತು. "ಅನುಕರಣಾವ್ಯಯ ಕಣೇ! ಮಕ್ಕಳಿಗೆ ಹೇಳಿಕೊಟ್ಟು ಹೇಳಿಕೊಟ್ಟು ಸಾಕಾಗಿತ್ತು, ಈ ಪುಣ್ಯಾತ್ಮ ಒಂದೇ ಸಲಕ್ಕೆ ಹಿಡಿದ." ಅವನಿಗೆ ಕಾಫಿ ಕೊಟ್ಟರು. ಒಡೆದ ಹಪ್ಪಳವನ್ನೂ ಕರಿದು ಕೊಟ್ಟರು.

ಸಂಜೆ ಮೊಬೈಲಿಗೆ ಒಂದು ಮೆಸೇಜ್ ಬಂತು. ನಮ್ಮ ಕೆಲಸಗಾರ ಹೇಗೆ ಕೆಲಸ ಮಾಡಿದ, ಒಂದೆರಡು ಮಾತು ಬರೆಯಿರಿ ಅಂತ. ಅತ್ತೆ ಕನ್ನಡಕ ಹಾಕಿಕೊಂಡು ಕೂತು, 'ಹಿ ವರ್ಕ್ಡ್ ಗುಡ್' ಅಂತ ಬರೆದು, ಸ್ವಲ್ಪ ಯೋಚಿಸಿ, ಲಿ ಸೇರಿಸಿದರು. ಮೊಮ್ಮಗ ಇಣುಕಿ ನೋಡಿದ.

"ಗುಡ್ಲಿ ಅಲ್ಲ ಅಜ್ಜಿ, ವೆಲ್."

ಅತ್ತೆ ಕನ್ನಡಕದ ಮೇಲಿಂದ ಅವನನ್ನು ನೋಡಿದರು. "ವೆಲ್ ಅಂದ್ರೆ ಬಾವಿ ಅಲ್ವೇನೋ? ಅಷ್ಟು ಚೆನ್ನಾಗಿ ಕೆಲಸ ಮಾಡಿಕೊಟ್ಟವನನ್ನ ನಾನು ಬಾವಿಗೆ ತಳ್ಳಲ್ಲ" ಅಂದು, ಗುಡ್ಲಿಯನ್ನೇ ಕಳಿಸಿಬಿಟ್ಟರು.