ಓನರ್ ಮಗನಿಗೆ ಚಳಿ

ಮಂಗಳೂರಿನಲ್ಲಿ ಚಳಿ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರ ಮನೆ ಓನರ್‌ಗೆ ಸೇರಿದ್ದು. ಹವಾಮಾನ ಇಲಾಖೆ ಏನಾದರೂ ಹೇಳಿಕೊಳ್ಳಲಿ. ಜಡಿಮಳೆಯ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ವಾರಗಟ್ಟಲೆ ಬಿಸಿಲು ಕಾಣದೆ, ಒಗೆದ ಬಟ್ಟೆ ಮೂರನೇ ದಿನಕ್ಕೂ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತಾ, ಗೋಡೆಯ ಮೂಲೆಯಲ್ಲಿ ಬೂಷ್ಟು ಹಿಡಿದು, ಮಗು ಮೂಗು ಸೋರಿಸಿಕೊಂಡು ಕೂತಿರುವಾಗ ನೀವು ಕೆಳಗೆ ಹೋಗಿ "ಸರ್, ಬಿಸಿನೀರು ಬರ್ತಾ ಇಲ್ಲ" ಎಂದರೆ ಅವರು ಬನಿಯನ್ನಿನಲ್ಲಿ ನಿಂತು, ಎದೆ ಕೆರೆದುಕೊಳ್ಳುತ್ತಾ ಕೇಳುತ್ತಾರೆ: "ಎಂಥ ಚಳಿ ಮಾರಾಯ್ರೆ ಮಂಗಳೂರಲ್ಲಿ? ನನಗೆ ಸೆಖೆ ಆಗ್ತಾ ಉಂಟು."

ಅಲ್ಲಿಗೆ ಕೇಸು ಮುಗಿಯಿತು.

ಟು-ಲೆಟ್ ಬೋರ್ಡು ಬರೆಸುವಾಗ ಮಾತ್ರ ಅವರಿಗೂ ಚಳಿ ನೆನಪಾಗುತ್ತದೆ. ನಮ್ಮ ಬೋರ್ಡಿನಲ್ಲಿ "24 ಗಂಟೆ ಬಿಸಿನೀರು" ಎಂದೇ ಇತ್ತು. ನಾನು ಟೆರೇಸಿಗೆ ಹೋಗಿ ಕಣ್ಣಾರೆ ನೋಡಿ ಬಂದೆ, ಸೋಲಾರ್ ಇತ್ತು. ಈಗಲೂ ಇದೆ. ನಗರಗಳಲ್ಲಿ ಹೊಸದಾಗಿ ಕಟ್ಟುವ ಮನೆಗೆ ಸೋಲಾರ್ ವಾಟರ್ ಹೀಟರ್ ಹಾಕಿಸಲೇಬೇಕು ಎಂದು ರಾಜ್ಯ ಸರಕಾರ 2007ರಲ್ಲೇ ಆದೇಶ ಮಾಡಿತ್ತು. ಹಾಕಿಸಿದವರಿಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯ ಲೆಕ್ಕದಲ್ಲಿ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿಯೂ ಇತ್ತು. ಸೋಲಾರ್ ಹಾಕಿಸಬೇಕು ಅಂತ ಆದೇಶ, ಅದರಲ್ಲಿ ನೀರು ಬಿಸಿಯಾಗಬೇಕು ಅಂತ ಎಲ್ಲಿ ಬರೆದಿದ್ದಾರೆ ತೋರಿಸಿ ಎಂಬುದು ನಮ್ಮ ಓನರ್ ವಾದ.

ಹಾಗಂತ ಸೋಲಾರ್ ಕೆಲಸವನ್ನೇ ಮಾಡುವುದಿಲ್ಲ ಎಂದರೆ ಸುಳ್ಳಾದೀತು. ಎಪ್ರಿಲ್, ಮೇ ತಿಂಗಳಲ್ಲಿ ಭಾರೀ ಲಾಯ್ಕ ಕೆಲಸ ಮಾಡುತ್ತದೆ. ಆಗ ಟೆರೇಸಿನ ಕಪ್ಪು ಟ್ಯಾಂಕಿನ ನೀರೇ ಮಧ್ಯಾಹ್ನದ ಹೊತ್ತಿಗೆ ಕೈ ಇಡಲಾಗದಷ್ಟು ಕಾದಿರುತ್ತದೆ. ತಣ್ಣೀರಿನ ನಲ್ಲಿ ತಿರುಗಿಸಿದರೆ ಬಿಸಿನೀರು, ಬಿಸಿನೀರಿನ ನಲ್ಲಿ ತಿರುಗಿಸಿದರೆ ಇನ್ನೂ ಬಿಸಿನೀರು. ತಣ್ಣೀರು ಬೇಕಾದವರು ರಾತ್ರಿಯೇ ಬಕೆಟಿಗೆ ತುಂಬಿಸಿ ಇಡಬೇಕು. ಅದೂ ನೀರು ಬಂದರೆ. ಊರಿಗೆ ನೀರು ಕೊಡುವ ತುಂಬೆ ಡ್ಯಾಮಿನಲ್ಲಿ ನೇತ್ರಾವತಿ ಇಳಿದು, 2019ರ ಬೇಸಿಗೆಯ ಹಾಗೆ ರೇಷನಿಂಗ್ ಶುರುವಾದರೆ ಬಿಸಿಯೂ ಇಲ್ಲ, ತಂಪೂ ಇಲ್ಲ. ಆಮೇಲೆ ಜೂನ್ ಬರುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಇದು, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಸೋಲಾರ್ ಸೆಪ್ಟೆಂಬರ್‌ವರೆಗೆ ರಜೆ ಹಾಕುತ್ತದೆ. ಮಳೆಗಾಲಕ್ಕೆಂದೇ ಅದರ ಟ್ಯಾಂಕಿನೊಳಗೆ ಕರೆಂಟಿನ ಕಾಯಿಲ್ ಒಂದು ಇರುತ್ತದಲ್ಲ, ಅದನ್ನು ಓನರ್ ಕಳಚಿ ಕಪಾಟಿನಲ್ಲಿ ಇಟ್ಟಿದ್ದಾರೆ. ಮಳೆಗಾಲದಲ್ಲಿ ಹಾಳಾಗಬಾರದಲ್ಲ, ಅದಕ್ಕೆ.

ಗೀಸರ್ ಇಲ್ವಾ ಎಂದು ನೀವು ಕೇಳಬಹುದು. ಉಂಟು. ಬಾತ್‌ರೂಮಿನ ಗೋಡೆಯಲ್ಲಿ ಬೆಳ್ಳಗೆ ಚೆಂದ ಕೂತಿದೆ. ಸ್ವಿಚ್ಚು ನಮ್ಮ ಕಡೆ, ಅದಕ್ಕೆ ಕರೆಂಟು ಬಿಡುವ ಮೇನ್ ಸ್ವಿಚ್ಚು, ಅಂದರೆ ಎಂಸಿಬಿ, ಓನರ್ ಮನೆಯ ಹಾಲಿನಲ್ಲಿ, ದೇವರ ಪಟದ ಪಕ್ಕ. ಬೆಳಿಗ್ಗೆ ಆರಕ್ಕೆ ಅವರು ವಾಕಿಂಗ್ ಹೊರಡುವಾಗ ಅದನ್ನು ಮೇಲೆತ್ತುತ್ತಾರೆ, ಕದ್ರಿ ಪಾರ್ಕಿನಲ್ಲಿ ಸುತ್ತು ಹಾಕಿ ಬಂದು ಕೆಳಗಿಳಿಸುತ್ತಾರೆ. ಅವರಿಗೆ ಮಂಡಿನೋವು ಜಾಸ್ತಿಯಾದ ದಿನ ವಾಕಿಂಗ್ ನಿಧಾನ, ನಮ್ಮ ಮನೆಯಲ್ಲಿ ಎಲ್ಲರಿಗೂ ಬಿಸಿನೀರ ಸ್ನಾನ. ಈಚೆಗೆ ಡಾಕ್ಟರು ಮಾತ್ರೆ ಬದಲಾಯಿಸಿದ್ದಾರೆ. ಓನರ್ ಚುರುಕಾಗಿದ್ದಾರೆ, ಹೋದಷ್ಟೇ ಬೇಗ ಬರುತ್ತಾರೆ, ಎರಡನೆಯವರು ಸೋಪು ಹಚ್ಚುವಷ್ಟರಲ್ಲಿ ನೀರು ತಣ್ಣಗೆ. ಒಬ್ಬ ಹಿರಿಯರ ಮಂಡಿನೋವು ಗುಣವಾಗಬಾರದು ಎಂದು ಬಯಸುವುದು ಒಳ್ಳೆಯದಲ್ಲ, ಗೊತ್ತು. ಮೈಯೆಲ್ಲ ಸೋಪು ಮೆತ್ತಿಕೊಂಡು ನಿಂತವನಿಗೆ ಅಷ್ಟೊಂದು ಒಳ್ಳೆಯವನಾಗಿ ಇರುವುದಕ್ಕೆ ಆಗುವುದಿಲ್ಲ.

ಈ ಎಂಸಿಬಿ ಕಾವಲಿನ ಹಿಂದೆ ದೊಡ್ಡ ಲೆಕ್ಕಾಚಾರ ಉಂಟು. ಕೆಳಗೆ ಓನರ್, ಮೇಲೆ ನಾವು, ಎರಡಕ್ಕೂ ಸೇರಿ ಕರೆಂಟು ಕೊಡುವ ಮೆಸ್ಕಾಂ ಕಂಪನಿಯ ಮೀಟರ್ ಒಂದೇ. ನಮಗೆ ಓನರೇ ಹಾಕಿಸಿದ ಸಬ್ ಮೀಟರ್. 2023ರಲ್ಲಿ ಗೃಹಜ್ಯೋತಿ ಬಂತು. 200 ಯೂನಿಟ್ ಫ್ರೀ ಅಂತ ಎಲ್ಲರೂ ಹೇಳುತ್ತಾರೆ, ನಿಜವಾಗಿ ಸಿಗುವುದು 2022-23ರಲ್ಲಿ ನೀವು ಬಳಸಿದ ಸರಾಸರಿ, ಅದರ ಮೇಲೆ ಶೇ. 10. ಒಟ್ಟು ಬಳಕೆ 200 ದಾಟಿದರೆ ಮಾತ್ರ ಕಷ್ಟ, ಪೂರ್ತಿ ಬಿಲ್ಲು ಕಟ್ಟಬೇಕು. ಬಾಡಿಗೆಯವರಿಗೂ ಈ ಯೋಜನೆ ಉಂಟು, ಆದರೆ ಸರಕಾರಕ್ಕೆ ಕಾಣುವುದು ಮೀಟರು, ಸಬ್ ಮೀಟರ್ ಕಾಣುವುದಿಲ್ಲ. ಈಗ ನೋಡಿ, 2,000 ವಾಟ್‌ನ ಗೀಸರ್ ಅರ್ಧ ಗಂಟೆ ಓಡಿದರೆ ಒಂದು ಯೂನಿಟ್, ದಿನಾ ಓಡಿದರೆ ತಿಂಗಳಿಗೆ 30. ನಮ್ಮ ಈ ಮೂವತ್ತರಿಂದಾಗಿ ಮನೆಯ ಲೆಕ್ಕ ಇನ್ನೂರು ದಾಟಿಬಿಟ್ಟರೆ ಓನರ್ ಕಿಸೆಗೆ ಕೈ ಹಾಕಬೇಕಾಗುತ್ತದೆ. ಅದು ಅರ್ಥವಾಗುತ್ತದೆ. ಅರ್ಥವಾಗದ್ದು ಏನೆಂದರೆ, ನಮ್ಮ ಸಬ್ ಮೀಟರಿನ ಯೂನಿಟ್ಟಿಗೆ ಅವರು ತಿಂಗಳು ತಿಂಗಳು ಹತ್ತು ರೂಪಾಯಿ ವಸೂಲಿ ಮಾಡುತ್ತಾರೆ. ಸರಕಾರ ಅವರಿಗೆ ಧರ್ಮಕ್ಕೆ ಕೊಟ್ಟ ಕರೆಂಟನ್ನು ಅವರು ಮೆಟ್ಟಿಲು ಹತ್ತಿಸಿ ನಮಗೆ ಹತ್ತು ರೂಪಾಯಿಗೆ ಮಾರುತ್ತಾರೆ.

ಒಮ್ಮೆ ಕೇಳಿಯೂ ಕೇಳಿದೆ. "ಮೀಟರ್ ಸವೆಯುದಿಲ್ವಾ ಮತ್ತೆ?" ಎಂದರು.

ರಾಡ್ ಹಾಕಿ ಬಕೆಟಿನಲ್ಲಿ ಕಾಯಿಸೋಣ ಎಂದರೆ ಅಗ್ರಿಮೆಂಟಿನಲ್ಲಿ ರಾಡ್ ನಿಷೇಧ. ಒಣಮೀನು ಹುರಿಯಬಾರದು ಎಂಬುದರ ಕೆಳಗಿನ ಸಾಲಿನಲ್ಲೇ ಅದು ಇದೆ. ಗ್ಯಾಸಿನ ಮೇಲೆ ಪಾತ್ರೆ ಇಟ್ಟರೆ ಸಿಲಿಂಡರ್ ತಿಂಗಳು ಮುಗಿಯುವ ಮೊದಲೇ ಮುಗಿಯುತ್ತದೆ. ಇದೇ ಜಾಗದಲ್ಲಿ ಮೊದಲು ಓನರ್ ತಂದೆಯ ಕಾಲದ ಹೆಂಚಿನ ಮನೆ ಇತ್ತಂತೆ. ಬಚ್ಚಲಲ್ಲಿ ಹಂಡೆ, ಅದರ ಕೆಳಗೆ ತೆಂಗಿನ ಮಡಲು, ಗೆರಟೆ ತುರುಕಿ ಹಚ್ಚಿದ ಬೆಂಕಿ. ಆಗ ಆ ಮನೆಯಲ್ಲಿ ಬಿಸಿನೀರಿಗೆ ಯಾರೂ ಯಾರ ಹತ್ತಿರವೂ ಅರ್ಜಿ ಹಾಕಬೇಕಾಗಿರಲಿಲ್ಲ. ಈಗ ಆ ತಾಮ್ರದ ಹಂಡೆಗೆ ಪಾಲಿಶ್ ಹಾಕಿಸಿ ಗೇಟಿನ ಪಕ್ಕ ಇಟ್ಟಿದ್ದಾರೆ. ಒಳಗೆ ಮನಿ ಪ್ಲಾಂಟ್.

ಸರಿ, ಕಾನೂನು ಏನು ಹೇಳುತ್ತದೆ ನೋಡೋಣ ಎಂದು ಕೂತೆ. ಕರ್ನಾಟಕ ಬಾಡಿಗೆ ಕಾಯಿದೆ, 1999. ನೀರು, ಕರೆಂಟು ಇಂಥ ಅಗತ್ಯ ಸೌಲಭ್ಯಗಳನ್ನು ಓನರ್ ತಕ್ಕ ಕಾರಣವಿಲ್ಲದೆ ಕಡಿತ ಮಾಡುವಂತಿಲ್ಲ ಎಂದು ಅದರಲ್ಲಿ ಇದೆ. ಓದಿ ಖುಷಿಯಾಯಿತು. ಖುಷಿಯಲ್ಲಿ ಮೊದಲ ಪುಟಕ್ಕೆ ಹೋದರೆ, ಈ ಕಾಯಿದೆ ಯಾರಿಗೆ ಅನ್ವಯಿಸುವುದಿಲ್ಲ ಎಂಬ ಪಟ್ಟಿ. ದೊಡ್ಡ ನಗರಗಳಲ್ಲಿ ವಾಸದ ಮನೆಯ ಬಾಡಿಗೆ ತಿಂಗಳಿಗೆ 3,500 ರೂಪಾಯಿ ಮೀರಿದ್ದರೆ ಅನ್ವಯಿಸುವುದಿಲ್ಲ, ಬೇರೆ ಊರುಗಳಲ್ಲಿ 2,000 ಮೀರಿದ್ದರೆ ಇಲ್ಲ. ಬಿಜೈಯಲ್ಲೋ ಬೆಂದೂರಿನಲ್ಲೋ 3,500 ರೂಪಾಯಿಗೆ ಮನೆ ಕೊಡಿ ಎಂದು ಬ್ರೋಕರ್ ಹತ್ತಿರ ಕೇಳಿ ನೋಡಿ. ಬೈಕ್ ನಿಲ್ಲಿಸಲಿಕ್ಕೆ ಜಾಗ ಬೇಕಾ ಎಂದು ಕೇಳುತ್ತಾನೆ. ಕಾಯಿದೆಯ ರಕ್ಷಣೆ ಬೇಕಾದವರು ಮೊದಲು ಕಾಯಿದೆಗೆ ಒಪ್ಪುವ ಮನೆ ಹುಡುಕಬೇಕು, ಆ ಮನೆ ಎಲ್ಲೂ ಇಲ್ಲ.

ಇನ್ನೊಂದು ಉಂಟು, ಕೇಂದ್ರ ಸಚಿವ ಸಂಪುಟ 2021ರಲ್ಲಿ ಒಪ್ಪಿ ರಾಜ್ಯಗಳಿಗೆ ಕಳಿಸಿದ ಮಾದರಿ ಬಾಡಿಗೆ ಕಾಯಿದೆ. ಯಾವ ರಿಪೇರಿ ಯಾರ ತಲೆಗೆ ಎಂದು ಅದರಲ್ಲಿ ಪಟ್ಟಿಯನ್ನೇ ಮಾಡಿಟ್ಟಿದ್ದಾರೆ. ಸುಣ್ಣ ಬಣ್ಣ, ಪೈಪು, ವಯರಿಂಗ್ ಎಲ್ಲ ಓನರ್‌ದು. ನಲ್ಲಿಯ ವಾಷರ್, ಸ್ವಿಚ್ಚು, ಗೀಸರ್ ಬಾಡಿಗೆಯವರದ್ದು. ಹೌದು, ಗೀಸರ್. ಅದರ ಹತ್ತಿರವೇ ಬಾತ್‌ಟಬ್ ರಿಪೇರಿಯನ್ನೂ ನಮಗೇ ವಹಿಸಿಕೊಟ್ಟಿದ್ದಾರೆ. ನಮ್ಮ ಬಾತ್‌ರೂಮಿನಲ್ಲಿ ಬಕೆಟ್ ಇಟ್ಟರೆ ಮನುಷ್ಯ ಗೋಡೆಗೆ ಒರಗಿ ನಿಲ್ಲಬೇಕು, ದಿಲ್ಲಿಯವರಿಗೆ ನಮ್ಮ ಬಾತ್‌ಟಬ್ಬಿನ ಚಿಂತೆ. ಈ ಪಟ್ಟಿಯನ್ನು ನಾನು ಓನರ್‌ಗೆ ತೋರಿಸಿಲ್ಲ. ನಿಮ್ಮ ಓನರ್‌ಗೆ ನೀವೂ ತೋರಿಸಬೇಡಿ.

ನಮ್ಮ ಅಗ್ರಿಮೆಂಟಂತೂ ಹನ್ನೊಂದೇ ತಿಂಗಳಿನದ್ದು. ವರ್ಷ ಮೀರಿದ ಕರಾರನ್ನು ರಿಜಿಸ್ಟರ್ ಮಾಡಿಸಬೇಕು ಎಂದು 1908ರ ನೋಂದಣಿ ಕಾಯಿದೆ ಹೇಳುತ್ತದೆ, ಅದನ್ನು ತಪ್ಪಿಸಿಕೊಳ್ಳಲು ದೇಶದ ಬಾಡಿಗೆಯವರೆಲ್ಲ ವರ್ಷದಲ್ಲಿ ಒಂದು ತಿಂಗಳು ಕಾಗದದಲ್ಲಿ ಇಲ್ಲದೆ ಬದುಕುತ್ತಾರೆ. ಜಾಸ್ತಿ ಮಾತಾಡಿದರೆ ಹನ್ನೆರಡನೇ ತಿಂಗಳು ಬರುತ್ತದೆ ಎಂಬ ಹೆದರಿಕೆ ಬೇರೆ. ಹಾಗಾಗಿ ತಣ್ಣೀರು ಮೈಗೆ ಒಳ್ಳೆಯದು ಎಂದು ಓನರ್ ವಾಟ್ಸಾಪಿನಲ್ಲಿ ಕಳಿಸುವ ವಿಡಿಯೊಗಳಿಗೆಲ್ಲ ನಾನು ಕೈ ಮುಗಿಯುವ ಚಿತ್ರ ಹಾಕುತ್ತಾ ಬಂದೆ.

ತಲೆ ಕೆಟ್ಟದ್ದು ಅವರ ಮಗನ ಕಥೆ ಕೇಳಿದ ಮೇಲೆ. ಮಗ ನ್ಯೂಯಾರ್ಕಿನಲ್ಲಿ ಸಾಫ್ಟ್‌ವೇರ್, ಅಲ್ಲಿ ಬಾಡಿಗೆ ಮನೆ. ಜನವರಿಯಲ್ಲಿ ಅವನ ಕಟ್ಟಡದ ಹೀಟಿಂಗ್ ಕೆಟ್ಟಿತಂತೆ. ನಮ್ಮ ಓನರ್ ಆ ವಾರ ನಿದ್ದೆ ಮಾಡಿಲ್ಲ. "ಪಾಪದ ಹುಡುಗ, ಜಾಕೆಟ್ ಹಾಕ್ಕೊಂಡು ಮಲಗ್ತಾನಂತೆ, ಆ ಓನರ್‌ಗೆ ಮನುಷ್ಯತ್ವ ಬೇಡ್ವಾ?" ಎಂದು ಗೇಟಿನ ಹತ್ತಿರ ಸಿಕ್ಕವರಿಗೆಲ್ಲ ಹೇಳಿದರು. ನನಗೂ ಹೇಳಿದರು, ನಾನು ಒದ್ದೆ ತಲೆಯಲ್ಲಿ ಸೀನುತ್ತಾ ಹೌದು ಹೌದು ಎಂದೆ.

ಆಮೇಲೆ ಪೂರ್ತಿ ಕಾನೂನನ್ನು ಅವರೇ ವಿವರಿಸಿದರು, ಮಗ ಹೇಳಿಕೊಟ್ಟದ್ದು. ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ ಮನೆ ಬೆಚ್ಚಗಿಡುವುದು ಓನರ್ ಕೆಲಸ. ಹಗಲು ಹೊರಗೆ 55 ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಒಳಗೆ ಕನಿಷ್ಠ 68 ಇರಬೇಕು, ನಮ್ಮ ಲೆಕ್ಕದಲ್ಲಿ 20 ಡಿಗ್ರಿ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 62, ಹೊರಗೆ ಎಷ್ಟೇ ಇರಲಿ. ಬಿಸಿನೀರಂತೂ ವರ್ಷದ 365 ದಿನವೂ, 120 ಫ್ಯಾರನ್‌ಹೀಟ್, ಅಂದರೆ ಸುಮಾರು 49 ಡಿಗ್ರಿ. ಬರದಿದ್ದರೆ 311ಕ್ಕೆ ಒಂದು ಫೋನ್. ಇನ್‌ಸ್ಪೆಕ್ಟರ್ ಬರುತ್ತಾನೆ, ದಿನದ ಲೆಕ್ಕದಲ್ಲಿ ದಂಡ ಬೀಳಬಹುದು, ಅದಕ್ಕೂ ಜಗ್ಗದಿದ್ದರೆ ನಗರಾಡಳಿತವೇ ಜನ ಕಳಿಸಿ ರಿಪೇರಿ ಮಾಡಿಸಿ ಬಿಲ್ಲನ್ನು ಓನರ್‌ಗೆ ಕಳಿಸುತ್ತದೆ. "ನನ್ನ ಮಗ ಬಿಡ್ಲಿಲ್ಲ, ಫೋನ್ ಮಾಡಿಯೇ ಬಿಟ್ಟ," ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಅಲ್ಲಿನ ಕಾನೂನು ಹೋರಾಡಿ ಕೊಡಿಸುವ ಆ 20 ಡಿಗ್ರಿಗೆ ನಮ್ಮಲ್ಲಿ ಡಿಸೆಂಬರಿನ ಬೆಳಿಗ್ಗೆ ಮಫ್ಲರ್ ಹೊರಗೆ ಬರುತ್ತದೆ, ಅದು ಬೇರೆ ವಿಷಯ. ನಮಗೆ ರೂಮು ಬೆಚ್ಚಗೆ ಮಾಡಿಕೊಡಿ ಎಂದು ಯಾರೂ ಕೇಳಿಲ್ಲ. ಒಂದು ಬಕೆಟ್ ನೀರು, ಎಂಸಿಬಿ ಮೇಲಿನ ಎರಡು ಬೆರಳು, ಅಷ್ಟೇ.

ಕಳೆದ ವಾರ ಓನರ್ ಮೇಲೆ ಬಂದರು. ಬಾಡಿಗೆ ಕೇಳಲು ಬಿಟ್ಟು ಬೇರೆ ಕೆಲಸಕ್ಕೆ ಅವರು ಮೆಟ್ಟಿಲು ಹತ್ತಿದ್ದು ನಾನು ನೋಡಿಲ್ಲ. ಮಗನಿಗೆ ಹೀಟಿಂಗ್ ಸರಿಯಾಯಿತಂತೆ, ಈಗ ಬಿಸಿನೀರಿನದ್ದು ತೊಂದರೆ, ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ನಿಂತುಹೋಗುತ್ತದಂತೆ. "ನೀವು ಬರೆಯುವವರು ಅಲ್ವಾ, ಆ ಓನರ್‌ಗೆ ಇಂಗ್ಲಿಷಿನಲ್ಲಿ ಒಂದು ಲೆಟರ್ ಬರೆದುಕೊಡಿ. ಖಡಕ್ ಆಗಿರ್ಲಿ."

ಬರೆದೆ. ಜೀವನದಲ್ಲಿ ಅಷ್ಟು ಮನಸ್ಸಿಟ್ಟು ಏನನ್ನೂ ಬರೆದಿರಲಿಲ್ಲ. ಬಾಡಿಗೆ ತಪ್ಪದೆ ಕೊಡುವವನಿಗೆ ಬಿಸಿನೀರು ದಾನವಲ್ಲ, ಬೆಳಗಿನ ಅರ್ಧ ಗಂಟೆಗೆ ಲೆಕ್ಕ ಹಾಕಿ ಕೊಡುವುದು ಸಣ್ಣತನ, ನೀವೂ ಒಬ್ಬ ತಂದೆಯಲ್ಲವೇ ಎಂದೆಲ್ಲ ಹಾಕಿದೆ. ಕೊನೆಯ ಸಾಲಿನಲ್ಲಿ ನಿಮ್ಮ ವಾಕಿಂಗ್ ಎಂದು ಕೈ ತಪ್ಪಿ ಬಂತು, ಅಳಿಸಿದೆ. ಓನರ್ ಕನ್ನಡಕ ಹಾಕಿ ಓದಿದರು, ಮತ್ತೊಮ್ಮೆ ಓದಿದರು. ಕಣ್ಣು ಒದ್ದೆಯಾದಂತೆ ಕಂಡಿತು. "ಭಾರೀ ಲಾಯ್ಕ ಬರ್ದಿದ್ದೀರಿ ಮಾರಾಯ್ರೆ, ಪ್ರತಿ ಮಾತೂ ಸತ್ಯ" ಎಂದರು.

ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು ಎಂದು ಇನ್ನೊಂದು ಪ್ರತಿ ಮುಂದಿಟ್ಟೆ. ಅದೇ ಪತ್ರ, ವಿಳಾಸ ಮಾತ್ರ ನಮ್ಮ ಮನೆಯದ್ದು. ಓದಿದರು. ಕನ್ನಡಕ ತೆಗೆದು, ಒರೆಸಿ, ಕಿಸೆಗೆ ಹಾಕಿಕೊಂಡರು.

"ಅದು ಬೇರೆ, ಇದು ಬೇರೆ," ಎಂದರು. "ಅಲ್ಲಿನ ಓನರುಗಳು ಎಂಥ ಕಂಜೂಸು ಜನ ಅಂತ ನಿಮಗೆ ಗೊತ್ತಿಲ್ಲ. ಮತ್ತೆ ಈ ತಿಂಗಳದ್ದು ಐದನೇ ತಾರೀಕಿನ ಒಳಗೆ ಹಾಕಿಬಿಡಿ, ಆಯ್ತಾ?"