ಕಾಡಿನಲ್ಲಿ ಬಿದ್ದ ಮರ ಕಸವಲ್ಲ: ಒಂದು ಸ್ಪಷ್ಟನೆ

"ಯುರೋಪಿನವರು ಕಾಡಿನಲ್ಲಿ ಬಿದ್ದ, ಒಣಗಿದ ಮರಗಳನ್ನೆಲ್ಲ ತೆಗೆದು ಕ್ಲೀನ್ ಇಡುತ್ತಾರೆ. ಹೆಬ್ರಿ, ಸೋಮೇಶ್ವರದ ಕಾಡಿನಲ್ಲೂ ಹಾಗೇ ಮಾಡಬೇಕು" ಎಂಬ ಸಂದೇಶ ಉಡುಪಿಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಇದು ಸರಿಯಲ್ಲ.

ಮರ ಬೆಳೆಸಿ ಮಾರುವ ಕಾಡುಗಳಲ್ಲಿ ಹಾಗೆ ಮಾಡುವುದುಂಟು. ಯುರೋಪಿನಲ್ಲಿ ಉಳಿದಿರುವ ಹಳೇ ಕಾಡುಗಳ ಕತೆ ಬೇರೆ. ಪೋಲೆಂಡ್-ಬೆಲಾರೂಸ್ ಗಡಿಯ ಬಿಯಾವೊವಿಯೆಜಾ ಕಾಡನ್ನೇ ನೋಡಿ. ತೊಗಟೆ ಕೊರೆಯುವ ಹುಳದಿಂದ ಸ್ಪ್ರೂಸ್ ಮರಗಳು ಸಾಯುತ್ತಿವೆ ಎಂದು 2016ರಲ್ಲಿ ಪೋಲೆಂಡ್ ಸರ್ಕಾರ ಮರ ಕಡಿಯುವುದನ್ನು ಜಾಸ್ತಿ ಮಾಡಿತು. ಇದು ಕಾನೂನಿಗೆ ವಿರುದ್ಧ ಎಂದು 2018ರ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ತೀರ್ಪು ಕೊಟ್ಟಿತು. ಸತ್ತ ಮರದೊಳಗೆ ಬದುಕುವ ಅಪರೂಪದ ಜೀರುಂಡೆಗಳು, ಅಲ್ಲೇ ಹುಳ ಹುಡುಕುವ ಮೂರು ಬೆರಳಿನ ಮರಕುಟಿಗ, ಇವುಗಳ ಬದುಕೇ ಆ ಕೇಸಿನ ವಿಷಯವಾಗಿತ್ತು.

ಚಳಿ ದೇಶದಲ್ಲಿ ದೊಡ್ಡ ಮರ ಕೊಳೆಯಲು ಹಲವು ದಶಕ ಬೇಕು. ಅಷ್ಟೂ ಕಾಲ ಅಣಬೆ, ಪಾಚಿ, ಹೊಸ ಸಸಿಗಳಿಗೆ ಅದೇ ಆಸರೆ. ನಮ್ಮ ಮಳೆಗೆ, ಗೆದ್ದಲಿಗೆ ಮರ ಬೇಗ ಮಣ್ಣಾಗುತ್ತದೆ. ಬಿದ್ದ ಮರ ಮಾಡುವ ಕೆಲಸ ಮಾತ್ರ ಎರಡೂ ಕಡೆ ಒಂದೇ ಅಲ್ವಾ?

ರಸ್ತೆಗೋ ಕರೆಂಟ್ ಲೈನಿಗೋ ಬಿದ್ದ ಮರವನ್ನು ತೆಗೆಯಲೇಬೇಕು. ಕಾಡಿನೊಳಗೆ ಬಿದ್ದದ್ದನ್ನು ಹಾಗೇ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೋಮೇಶ್ವರದಂಥ ಅಭಯಾರಣ್ಯದಿಂದ ಅನುಮತಿ ಇಲ್ಲದೆ ಮರ ಸಾಗಿಸುವಂತೆಯೂ ಇಲ್ಲ. ದಯವಿಟ್ಟು ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ.